ಮನಸ್ಸು ತಹಬಂದಿಗೆ ಬಂದಿದೆ, ನನ್ನ ಮೇಲೆ ನನಗೆ ಭರವಸೆ ಮಾತ್ರ ಬಂದಿಲ್ಲ

ತೋಟದಾಕೆ, ಸುಂಟಿಕೊಪ್ಪ

ಈ ವೇದಿಕೆಯಲ್ಲಿ ಹೆಚ್ಚಿನವರು ಮಾತ್ರೆ, ನಿದ್ರೆ, ಮೈತೂಕ ಇವುಗಳ ಬಗ್ಗೆ ಕೇಳುತ್ತಾರೆ. ನನ್ನ ಪ್ರಶ್ನೆ ಸ್ವಲ್ಪ ಬೇರೆ. ನನಗೆ ಬೈಪೋಲಾರ್ ಕಾಯಿಲೆ ಇದೆ, ಅಂದರೆ ಕೆಲವು ಕಾಲ ಖಿನ್ನತೆ, ಕೆಲವು ಕಾಲ ಉನ್ಮಾದ (ಮಿತಿಮೀರಿದ ಹುರುಪು). ಈ ಏರಿಳಿತವನ್ನು ತಡೆಯುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತೇನೆ. ರಕ್ತಪರೀಕ್ಷೆಯಲ್ಲಿ ಅದರ ಪ್ರಮಾಣ ಸರಿಯಾಗಿದೆ, ರಾತ್ರಿ ನಿದ್ರೆ ಬರುತ್ತದೆ, ಊಟ ರುಚಿಸುತ್ತದೆ. ವೈದ್ಯರು ‘ಚೆನ್ನಾಗಿದ್ದೀರಿ’ ಎಂದು ಹೇಳಿ ಮುಂದಿನ ತಾರೀಕು ಬರೆದು ಕೊಡುತ್ತಾರೆ. ಆದರೆ ನಾನು ಯಾವುದಕ್ಕೂ ಬಾರದವಳು ಎಂಬ ಎಣಿಕೆ ಹೋಗಿಲ್ಲ. ಖಿನ್ನತೆಯ ದಿನಗಳಲ್ಲಿ ಹಾಗೆ ಅನ್ನಿಸಿದರೆ ಅದು ಕಾಯಿಲೆಯ ಮಾತು ಎಂದುಕೊಳ್ಳಬಹುದು. ಈಗ ಅಳು ಬರುವುದಿಲ್ಲ, ದುಃಖವೂ ಇಲ್ಲ, ಆದರೂ ಎಣಿಕೆ ಹಾಗೆಯೇ ಇದೆ.

ಕಾಯಿಲೆಗೆ ಮೊದಲು ನಮ್ಮ ಕಾಫಿ ತೋಟದ ಲೆಕ್ಕ ನನ್ನ ಕೈಯಲ್ಲಿತ್ತು. ಚೆಕ್‌ರೋಲ್ (ಕೆಲಸದವರ ಹಾಜರಿ ಪುಸ್ತಕ) ಬರೆಯುವುದು, ಸಂಜೆ ಹಣ್ಣು ತೂಗಿಸುವುದು, ಬಟವಾಡೆ, ಎಲ್ಲವೂ. ಕೊಯ್ಲಿನ ದಿನಗಳಲ್ಲಿ ಸಂಜೆ ಚೀಲಗಳು ಸಾಲಾಗಿ ಬಂದು ನಿಲ್ಲುತ್ತವೆ. ತಕ್ಕಡಿಯ ಕೊಕ್ಕೆಗೆ ಒಂದೊಂದೇ ಚೀಲ ಏರುತ್ತದೆ. ಅಂಕಿಯನ್ನು ಗಟ್ಟಿಯಾಗಿ ಕೂಗಿ ಬರೆಯಬೇಕು, ಕೊಯ್ದವಳು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಾಳೆ. ಹಸಿರು ಕಾಯಿ ಬೆರೆತಿದ್ದರೆ ಅಲ್ಲೇ ಹೇಳಬೇಕು, ಅದೂ ಮುಖ ಮುರಿಯದ ಹಾಗೆ. ಆ ಕೆಲಸ ನನಗೆ ಒಗ್ಗಿತ್ತು. ಉನ್ಮಾದ ಬಂದಾಗ ಕಂಡಕಂಡವರಿಗೆ ಮುಂಗಡ ಹಂಚಿದ್ದೆನಂತೆ, ಬೇಡದ ಯಂತ್ರಕ್ಕೆ ಹಣ ಕಟ್ಟಿದ್ದೆನಂತೆ. ಅಂದಿನಿಂದ ಪುಸ್ತಕ ಮೈದುನನ ಕೈಗೆ ಹೋಗಿದೆ. ಯಾರೂ ಗದರಿಲ್ಲ. ‘ನೀನು ಆರಾಮವಾಗಿರು’ ಎನ್ನುತ್ತಾರೆ. ನಾನು ಜೋರಾಗಿ ನಕ್ಕರೆ ಅತ್ತೆಯೂ ಮೈದುನನೂ ಮುಖ ಮುಖ ನೋಡಿಕೊಳ್ಳುತ್ತಾರೆ. ಸುಮ್ಮನೆ ಕುಳಿತರೆ ‘ಮಾತ್ರೆ ತೆಗೆದುಕೊಂಡೆಯಾ?’ ಎಂಬ ಪ್ರಶ್ನೆ ಬರುತ್ತದೆ.

ಈ ಕುಗ್ಗುವಿಕೆ ಕಾಯಿಲೆಯ ಉಳಿಕೆಯೇ, ನನ್ನ ಸ್ವಭಾವವೇ, ಅಥವಾ ಕಾಯಿಲೆಯಾದ ಮೇಲಿನ ಬದುಕು ತಂದದ್ದೇ? ತಿಳಿದವರು ಹೇಳಿ.

ನಿವೃತ್ತ ಉಪನ್ಯಾಸಕ, ಮಡಿಕೇರಿ

ತಂಗಿ, ನನ್ನದು ಮರುಕಳಿಸುವ ಖಿನ್ನತೆ, ಬೈಪೋಲಾರ್ ಅಲ್ಲ. ಹಾಗಾಗಿ ಉನ್ಮಾದದ ಕಡೆಯ ಬಗ್ಗೆ ನಾನು ಮಾತನಾಡಲಾರೆ. ಉಳಿದದ್ದೆಲ್ಲ ನನ್ನದೇ ಕಥೆ. ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಬಿಸಿಲು ಕಾಣದ ಊರು ನಮ್ಮದು. ಕರೆಂಟ್ ಇಲ್ಲ, ಸಿಗ್ನಲ್ ಇಲ್ಲ, ಗೋಡೆಯೆಲ್ಲ ಬೂಷ್ಟು. ಆ ತಿಂಗಳುಗಳಲ್ಲಿ ಬಿದ್ದವನು ಅಕ್ಟೋಬರ್‌ನಲ್ಲಿ, ತಲಕಾವೇರಿಯ ತೀರ್ಥೋದ್ಭವದ ಹೊತ್ತಿಗೆ, ಎದ್ದು ಓಡಾಡುತ್ತೇನೆ. ಮೈ ಏಳುತ್ತದೆ, ನನ್ನ ಬಗ್ಗೆ ನನಗಿರುವ ಅಭಿಪ್ರಾಯ ಮಾತ್ರ ಅಷ್ಟು ಬೇಗ ಏಳುವುದಿಲ್ಲ. ತರಗತಿಯಲ್ಲಿ ಹುಡುಗರು ಎಂದಿನಂತೆ ಕೇಳಿಸಿಕೊಳ್ಳುತ್ತಿದ್ದರೂ ‘ಇವರು ಸಹಿಸಿಕೊಂಡಿದ್ದಾರೆ’ ಎಂದೇ ಅನ್ನಿಸುತ್ತಿತ್ತು.

ಖಿನ್ನತೆಯಲ್ಲಿ ಮನುಷ್ಯ ತನ್ನನ್ನು, ಲೋಕವನ್ನು, ಮುಂದಿನ ದಿನಗಳನ್ನು, ಈ ಮೂರನ್ನೂ ಕಪ್ಪಾಗಿಯೇ ನೋಡುತ್ತಾನೆ ಎಂದು ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲೇ ಬರೆದರು. ನನ್ನ ಅನುಭವದಲ್ಲಿ ಲೋಕವೂ ಮುಂದಿನ ದಿನಗಳೂ ಮೊದಲು ತಿಳಿಯಾಗುತ್ತವೆ. ತನ್ನನ್ನು ನೋಡುವ ಕಣ್ಣು ಕೊನೆಗೆ.

ನಿವೃತ್ತ ಸುಬೇದಾರ, ಪೊನ್ನಂಪೇಟೆ

ಎಲ್ಲರೂ ಕಾಯಿಲೆ ಕಾಯಿಲೆ ಎಂದು ಹೇಳುತ್ತಾ ಹೋದರೆ ತಂಗಿ ಏಳುವುದು ಯಾವಾಗ? ಸೈನ್ಯದಲ್ಲಿ ನಮ್ಮ ಹುಡುಗರಿಗೆ ನಾನು ಹೇಳುತ್ತಿದ್ದುದು ಒಂದೇ ಮಾತು: ಬೆಳಿಗ್ಗೆ ಐದಕ್ಕೆ ಎದ್ದು ಓಡು, ಬೆವರು ಸುರಿದರೆ ಅರ್ಧ ಚಿಂತೆ ಇಳಿಯುತ್ತದೆ. ತನ್ನ ಮೇಲೆ ಭರವಸೆ ಎಂಬುದನ್ನು ಯಾರೂ ತಂದು ಕೊಡುವುದಿಲ್ಲ, ನಾವೇ ಕಟ್ಟಿಕೊಳ್ಳಬೇಕು. ಇದನ್ನು ಬೈಯುವುದಕ್ಕಾಗಿ ಹೇಳುತ್ತಿಲ್ಲ. ನನ್ನ ಅಕ್ಕನ ಮಗನಿಗೂ ಇದೇ ತೊಂದರೆ ಇದೆ, ಅವನು ದಿನವಿಡೀ ಮಲಗಿರುವುದನ್ನು ನೋಡಿ ಹೊಟ್ಟೆ ಉರಿಯುತ್ತದೆ.

ಆಪ್ತಸಮಾಲೋಚಕಿ, ಕುಶಾಲನಗರ

ಸುಬೇದಾರರೇ, ವ್ಯಾಯಾಮದ ಬಗ್ಗೆ ನೀವು ಹೇಳಿದ್ದು ತಪ್ಪಲ್ಲ. ಸೌಮ್ಯ ಖಿನ್ನತೆಗೆ ನಡಿಗೆ, ಓಟ ನಿಜವಾಗಿಯೂ ಸಹಾಯ ಮಾಡುತ್ತವೆ. ಆದರೆ ಏಳಲಾಗದಿರುವುದೇ ಲಕ್ಷಣವಾಗಿರುವ ಹುಡುಗನಿಗೆ ‘ಏಳು’ ಎಂದರೆ, ಏಳಲಾಗದ ಪ್ರತಿ ಬೆಳಿಗ್ಗೆಯೂ ಅವನು ತನ್ನನ್ನು ಹಳಿದುಕೊಳ್ಳಲು ಇನ್ನೊಂದು ಕಾರಣ ಸಿಗುತ್ತದೆ.

ತೋಟದಾಕೆಯ ಪ್ರಶ್ನೆಗೆ ಬರುತ್ತೇನೆ. ಬೇರೆ ಕಾಯಿಲೆಗಳಿಗೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಮಧುಮೇಹ ಬಂದವರೂ ಕುಗ್ಗಬಹುದು, ಆದರೆ ಕುಗ್ಗುವುದು ಮಧುಮೇಹದ ಲಕ್ಷಣವಲ್ಲ. ಇಲ್ಲಿ ಹಾಗಲ್ಲ. ವೈದ್ಯರು ಖಿನ್ನತೆಯನ್ನು ಗುರುತಿಸಲು ಬಳಸುವ ಪಟ್ಟಿಯಲ್ಲಿ ಎರಡು ವಾರ ಬಿಡದೆ ಕಾಡುವ ‘ನಾನು ನಿಷ್ಪ್ರಯೋಜಕ’ ಎಂಬ ಭಾವನೆ ಮತ್ತು ಅತಿಯಾದ ತಪ್ಪಿತಸ್ಥ ಭಾವನೆ ಸೇರಿವೆ. ಉನ್ಮಾದದ ಪಟ್ಟಿಯಲ್ಲಿ ಅದರ ತದ್ವಿರುದ್ಧ: ತನ್ನ ಬಗ್ಗೆ ಮಿತಿಮೀರಿದ ಹಿರಿಮೆ. ಅಂದರೆ ತನ್ನನ್ನು ಅಳೆದುಕೊಳ್ಳುವ ಕೋಲನ್ನೇ ಕಾಯಿಲೆ ಹಿಡಿದುಕೊಂಡಿರುತ್ತದೆ. ಒಮ್ಮೆ ತಾನು ಏನೂ ಅಲ್ಲ ಎಂದು, ಇನ್ನೊಮ್ಮೆ ತನಗೆ ಸಮನಿಲ್ಲ ಎಂದು ಅಳೆದವರಿಗೆ, ಕಾಯಿಲೆ ಇಳಿದ ಮೇಲೆ ತಮ್ಮ ಯಾವ ಅಳತೆಯ ಮೇಲೂ ನಂಬಿಕೆ ಉಳಿಯುವುದಿಲ್ಲ. ನನ್ನ ಬಳಿ ಬರುವವರು ಮತ್ತೆ ಮತ್ತೆ ಕೇಳುವುದು ಇದನ್ನೇ: ಒಳ್ಳೆಯ ಯೋಚನೆ ಹೊಳೆದರೆ ಅದು ನನ್ನದೋ, ಕಾಯಿಲೆಯದೋ?

ಸಂಶೋಧನೆಗಳೂ ನಿಮ್ಮ ಅನುಭವಕ್ಕೆ ಹತ್ತಿರವಾಗಿವೆ. ಆತ್ಮಗೌರವವನ್ನು ಅಳೆಯಲು ಇಂದಿಗೂ ಹೆಚ್ಚಾಗಿ ಬಳಸುವುದು ಸಮಾಜಶಾಸ್ತ್ರಜ್ಞ ಮಾರಿಸ್ ರೋಸೆನ್‌ಬರ್ಗ್ 1965ರಲ್ಲಿ ಪ್ರಕಟಿಸಿದ 10 ವಾಕ್ಯಗಳ ಪ್ರಶ್ನಾವಳಿ. ಅದನ್ನು ಬಳಸಿ ನೋಡಿದಾಗ, ಖಿನ್ನತೆಯಿಂದಾಗಲಿ ಬೈಪೋಲಾರ್‌ನ ಏರಿಳಿತದಿಂದಾಗಲಿ ಹೊರಬಂದವರ ಸರಾಸರಿ ಅಂಕ ಕಾಯಿಲೆಯೇ ಇಲ್ಲದವರಿಗಿಂತ ಕಡಿಮೆ ಇರುವುದು ಕಂಡಿದೆ. ಬೈಪೋಲಾರ್ ಇರುವವರಲ್ಲಿ ಇನ್ನೊಂದು ವಿಷಯವೂ ಕಂಡಿದೆ. ಅವರ ಆತ್ಮಗೌರವ ದಿನದಿಂದ ದಿನಕ್ಕೆ ಹೆಚ್ಚು ಏರಿಳಿಯುತ್ತದೆ. ಒಬ್ಬರು ಹೊಗಳಿದರೆ ಎತ್ತರಕ್ಕೆ, ಒಬ್ಬರು ಮುಖ ತಿರುಗಿಸಿದರೆ ಪಾತಾಳಕ್ಕೆ. ಆದ್ದರಿಂದ ‘ನೀನು ಬಹಳ ಜಾಣೆ’ ಎಂದು ಮನೆಯವರು ಹೊಗಳುವುದರಿಂದ ಹೆಚ್ಚೇನೂ ಆಗದು.

ಸ್ವಭಾವವೇ ಎಂದು ತೀರ್ಮಾನಿಸುವ ಮುನ್ನ ಎರಡು ಪರೀಕ್ಷೆ ಮಾಡಿಸಿ. ಲಿಥಿಯಂ ಕೆಲವರಲ್ಲಿ ಥೈರಾಯ್ಡ್ ಗ್ರಂಥಿಯ ಕೆಲಸವನ್ನು ತಗ್ಗಿಸುತ್ತದೆ. ಥೈರಾಯ್ಡ್ ತಗ್ಗಿದರೆ ಮೈ ಭಾರ, ಮನಸ್ಸು ಮಂಕು. ಆರು ತಿಂಗಳಿಗೊಮ್ಮೆ ಟಿಎಸ್‌ಎಚ್ (ಥೈರಾಯ್ಡ್‌ನ ರಕ್ತಪರೀಕ್ಷೆ), ಮೂತ್ರಪಿಂಡದ ಪರೀಕ್ಷೆ ಆಗುತ್ತಿದೆಯೇ ನೋಡಿಕೊಳ್ಳಿ. ಖಿನ್ನತೆಯ ಸಣ್ಣ ಉಳಿಕೆ ಇದೆಯೇ ಎಂದು ವೈದ್ಯರನ್ನು ನೇರವಾಗಿ ಕೇಳಿ. ‘ಚೆನ್ನಾಗಿದ್ದೇನೆ’ ಎಂದು ನೀವು ಹೇಳಿದರೆ ಅವರೂ ಅದನ್ನೇ ಬರೆದುಕೊಳ್ಳುತ್ತಾರೆ. ‘ನಿದ್ರೆ, ಊಟ ಸರಿಯಿದೆ, ಆದರೆ ನಾನು ಯಾವುದಕ್ಕೂ ಬಾರದವಳು ಎಂದು ದಿನವೂ ಅನ್ನಿಸುತ್ತದೆ’ ಎಂದು ಇದೇ ಮಾತುಗಳಲ್ಲಿ ಹೇಳಿ.

ವಿರಾಜಪೇಟೆಯವನು, ಈಗ ಬೆಂಗಳೂರಿನಲ್ಲಿ

ಅಕ್ಕ, ‘ಹಂಚಿದ್ದೆನಂತೆ, ಕಟ್ಟಿದ್ದೆನಂತೆ’ ಎಂದು ಬರೆದಿದ್ದೀರಲ್ಲ, ಅದನ್ನು ಓದಿ ಎದೆ ಝಲ್ಲೆಂದಿತು. ನನಗೂ ಹಾಗೆಯೇ. ಉನ್ಮಾದದ ದಿನಗಳ ಅರ್ಧ ನೆನಪಿಲ್ಲ, ಇನ್ನೊಬ್ಬರು ಹೇಳಿದಾಗ ಗೊತ್ತಾಗುತ್ತದೆ. ನಮ್ಮ ಒಕ್ಕದ (ಕೊಡವ ಮನೆತನದ) ವಾಟ್ಸ್‌ಆಪ್ ಗುಂಪಿನಲ್ಲಿ ನಡುರಾತ್ರಿ ನಾನು ಹಾಕಿದ ಉದ್ದುದ್ದ ಸಂದೇಶಗಳನ್ನು ಎಲ್ಲರೂ ಓದಿದ್ದಾರೆ. ಅಳಿಸಲು ಹೋದಾಗ ಕಾಲ ಮೀರಿತ್ತು. ಆಮೇಲೆ ಸುಗ್ಗಿಯ ಹಬ್ಬವಾದ ಪುತ್ತರಿಗೆ, ಮನೆತನದ ಮೂಲಮನೆಯಾದ ಐನ್‌ಮನೆಗೆ ಹೋಗಲು ಕಾಲು ಬರಲಿಲ್ಲ. ಯಾರೂ ಏನೂ ಅನ್ನುವುದಿಲ್ಲ, ಆದರೆ ನಾನು ಒಳಗೆ ಬಂದಾಗ ಮಾತು ಒಂದು ಕ್ಷಣ ನಿಲ್ಲುತ್ತದೆ. ಗ್ಲಾಸ್ ಚಾಚಿದವರಿಗೆ ಬೇಡ ಎಂದರೆ ‘ಓ, ಮಾತ್ರೆಯಾ?’ ಎಂದು ತಗ್ಗಿದ ದನಿ. ನಮ್ಮ ಮದುವೆ ಮನೆಗಳಲ್ಲಿ ಕುಡಿಯದವನು ಎದ್ದು ಕಾಣುತ್ತಾನೆ ಎನ್ನುವುದು ಎಲ್ಲರಿಗೂ ಗೊತ್ತು.

ಹೀಗೆಂದು ನಾನು ಹಾಕಿ ಆಟವನ್ನೂ ಬಿಟ್ಟಿದ್ದೆ. ಕುಟುಂಬ ಹಾಕಿ ಹಬ್ಬಕ್ಕೆ ನಮ್ಮ ಒಕ್ಕದ ತಂಡದವರು ಕರೆದರೂ ‘ಬೇರೆಯವರನ್ನು ಹಾಕಿಕೊಳ್ಳಿ’ ಎಂದುಬಿಟ್ಟೆ. ಜನರು ನನ್ನ ಬಗ್ಗೆ ಅಂದುಕೊಂಡಿರಬಹುದಾದ್ದನ್ನು ನಾನೇ ಮೊದಲು ಒಪ್ಪಿಕೊಂಡುಬಿಟ್ಟಿದ್ದೆ. ಕೊನೆಗೆ ಹಿರಿಯ ಅಣ್ಣನೊಬ್ಬ ಫೋನ್ ಮಾಡಿದ. ಸಮಾಧಾನದ ಮಾತು ಒಂದೂ ಆಡಲಿಲ್ಲ. ‘ಎಡಗಡೆ ಆಡುವವರು ಯಾರೂ ಇಲ್ಲ, ಭಾನುವಾರ ಅಭ್ಯಾಸಕ್ಕೆ ಬಾ’ ಎಂದ. ಹೋದೆ. ಆ ಫೋನ್‌ನಿಂದ ಆದಷ್ಟು ಒಳ್ಳೆಯದು ಯಾವ ಸಾಂತ್ವನದಿಂದಲೂ ಆಗಲಿಲ್ಲ.

ಪತಿ, ನಾಪೋಕ್ಲು

ಕಾಯಿಲೆ ನನ್ನ ಹೆಂಡತಿಗೆ. ಆಕೆ ಓದಿ ಒಪ್ಪಿದ ಮೇಲೆಯೇ ಇದನ್ನು ಇಲ್ಲಿ ಹಾಕುತ್ತಿದ್ದೇನೆ.

ಮನೆಯವರ ಕಡೆಯಿಂದ ಒಂದು ಮಾತು. ನಾವು ಮುಖ ಮುಖ ನೋಡಿಕೊಳ್ಳುವುದು ಭಯದಿಂದ. ಒಮ್ಮೆ ಉನ್ಮಾದ ಕಂಡವರಿಗೆ ಪ್ರತಿ ನಗುವೂ ಅದರ ಮೊದಲ ಹೆಜ್ಜೆಯ ಹಾಗೆ ಕೇಳಿಸುತ್ತದೆ. ನಮ್ಮ ಮನೆಯಲ್ಲಿ ಇದು ಎಷ್ಟು ದೂರ ಹೋಯಿತೆಂದರೆ, ಆಕೆ ನನ್ನ ಮೇಲೆ ನ್ಯಾಯವಾಗಿಯೇ ಸಿಟ್ಟಾದ ದಿನವೂ ನನ್ನ ತಾಯಿ ಮಾತ್ರೆ ಡಬ್ಬಿ ತೆರೆದು ಎಣಿಸಿದರು. ಸಿಟ್ಟಿಗೆ ಉತ್ತರ ಸಿಗಲಿಲ್ಲ, ಮಾತ್ರೆಯ ಲೆಕ್ಕ ಮಾತ್ರ ಸಿಕ್ಕಿತು. ಮನುಷ್ಯನ ಸಿಟ್ಟಿಗೂ ನಗುವಿಗೂ ಬೆಲೆ ಇಲ್ಲವೆಂದಾದರೆ ಆತ್ಮಗೌರವ ಎಲ್ಲಿಂದ ಬರಬೇಕು?

ಆಮೇಲೆ ವೈದ್ಯರ ಸಲಹೆಯಂತೆ, ಆಕೆ ಚೆನ್ನಾಗಿದ್ದ ಹೊತ್ತಿನಲ್ಲಿ, ಮೂವರೂ ಕುಳಿತು ಒಂದು ಹಾಳೆಯಲ್ಲಿ ಬರೆದೆವು. ಹೆಚ್ಚಿನದನ್ನು ಹೇಳಿದವಳು ಆಕೆಯೇ. ಸತತ ಎರಡು ರಾತ್ರಿ ಐದು ಗಂಟೆಗಿಂತ ಕಡಿಮೆ ಮಲಗಿಯೂ ಆಯಾಸ ಇಲ್ಲದಿದ್ದರೆ, ರಾತ್ರಿ ಹತ್ತರ ನಂತರ ಹಳೆಯ ಸ್ನೇಹಿತರಿಗೆಲ್ಲ ಫೋನ್ ಮಾಡತೊಡಗಿದರೆ, ಒಂದು ಮೊತ್ತಕ್ಕಿಂತ ಹೆಚ್ಚಿನ ಖರೀದಿಗೆ ಇಳಿದರೆ, ಆಗ ವೈದ್ಯರಿಗೆ ಫೋನ್ ಮಾಡುವ ಅಧಿಕಾರ ನಮಗುಂಟು. ನಗು, ಸಿಟ್ಟು, ಹೊಸ ಸೀರೆ, ಟಿವಿ ಜೋರಾಗಿ ಹಾಕುವುದು, ಇವು ಯಾವುವೂ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿಲ್ಲದ್ದಕ್ಕೆ ಮಾತ್ರೆಯ ಮಾತು ಎತ್ತುವಂತಿಲ್ಲ. ಅಮ್ಮನಿಗೆ ಇದು ಕಷ್ಟವಾಯಿತು, ಈಗ ರೂಢಿಯಾಗಿದೆ.

ನಿದ್ರೆಯ ಲೆಕ್ಕವನ್ನು ಆಕೆಯೇ ಇಡುತ್ತಾಳೆ. ಕೊಡಗಿನ ತೋಟದ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇದ್ದೇ ಇರುತ್ತದೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ಮಳೆಮಾಪಕದ ನೀರು ಅಳೆದು ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ) ಬರೆಯುವುದು ಆಕೆಯ ಕೆಲಸ. ಅದೇ ಸಾಲಿನಲ್ಲಿ ಎಷ್ಟು ಗಂಟೆ ಮಲಗಿದೆ ಎಂದೂ ಬರೆಯುತ್ತಾಳೆ. ಬೇರೆ ಡೈರಿ ಇಟ್ಟರೆ ರೋಗಿಯ ಪುಸ್ತಕ ಎನ್ನಿಸುತ್ತದೆ, ಇದು ಮನೆಯ ಪುಸ್ತಕ ಎನ್ನುತ್ತಾಳೆ. ಮುಂಗಾರಿನ ಬಿರುಸಿನಲ್ಲಿ ಮಳೆಯ ಅಂಕಿ ಏರಿದಂತೆ ಆಕೆಯ ನಿದ್ರೆಯೂ ಏರುವುದು, ಮಾರ್ಚ್‌ನಲ್ಲಿ ಕಾಫಿ ಹೂವಿನ ಹೊತ್ತಿಗೆ ಅದು ಇಳಿಯತೊಡಗುವುದು ಆ ಪುಟಗಳಲ್ಲಿ ನನಗೇ ಕಂಡಿತು. ವೈದ್ಯರಿಗೆ ಆ ಪುಸ್ತಕವನ್ನೇ ತೋರಿಸುತ್ತಾಳೆ. ಮೊದಲೆಲ್ಲ ನಾನು ಹೇಳುತ್ತಿದ್ದೆ, ಆಕೆ ತಲೆತಗ್ಗಿಸಿ ಕುಳಿತಿರುತ್ತಿದ್ದಳು. ಈಗ ಆಕೆಯೇ ಹೇಳುತ್ತಾಳೆ.

ನಿವೃತ್ತ ಸುಬೇದಾರ, ಪೊನ್ನಂಪೇಟೆ

ಹಾಳೆಯಲ್ಲಿ ಬರೆದುಕೊಂಡದ್ದು ನನಗೆ ಹಿಡಿಸಿತು. ಶಿಸ್ತು ಎಂದು ನಾನು ಹೇಳಿದ್ದೂ ಅದನ್ನೇ. ಆದರೆ ಹಣದ ವಿಷಯ ಬಿಡಲಾಗದು. ತೋಟದ ಹಣ ಒಬ್ಬರದಲ್ಲ. ಪುಸ್ತಕವನ್ನು ವಾಪಸ್ಸು ಕೊಟ್ಟು, ಮತ್ತೆ ಕಾಯಿಲೆ ಮರುಕಳಿಸಿ ಮುಂಗಡ ಹಂಚಿದರೆ ಕೂಲಿಯವರ ಬಟವಾಡೆಗೆ ಯಾರು ಹೊಣೆ? ಮೈದುನನನ್ನು ಕೆಟ್ಟವನನ್ನಾಗಿ ಮಾಡಬೇಡಿ.

ನಿವೃತ್ತ ಉಪನ್ಯಾಸಕ, ಮಡಿಕೇರಿ

ಯಾರೂ ಅವನನ್ನು ಕೆಟ್ಟವನೆಂದಿಲ್ಲ. ಆದರೆ ಪುಸ್ತಕ ಎಂದರೆ ಒಂದೇ ಕೆಲಸವಲ್ಲವಲ್ಲ. ತೂಕ ಬರೆಯುವುದರಲ್ಲಿ ಹಣ ಕೈ ಬದಲಾಗುವುದಿಲ್ಲ. ಚೆಕ್ಕಿಗೆ ಸಹಿ ಹಾಕುವುದು ಬೇರೆ, ಚೆಕ್‌ರೋಲ್ ಬರೆಯುವುದು ಬೇರೆ. ಕಾಯಿಲೆಯ ದಿನಗಳಲ್ಲಿ ಎಲ್ಲವನ್ನೂ ಒಟ್ಟಿಗೆ ಕಿತ್ತುಕೊಳ್ಳಬೇಕಾಗಿ ಬಂದಿರಬಹುದು, ಕೊಡುವಾಗ ಬಿಡಿಬಿಡಿಯಾಗಿ ಕೊಡಬಹುದಲ್ಲ. ನನಗೆ ಕಾಲೇಜಿನಲ್ಲಿ ಹಾಗೆಯೇ ಆಯಿತು. ರಜೆ ಮುಗಿಸಿ ಬಂದಾಗ ಪ್ರಾಂಶುಪಾಲರು ಮೊದಲು ಒಂದೇ ತರಗತಿ ಕೊಟ್ಟರು, ಆದರೆ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡಬೇಕಾದ ನಿಜವಾದ ತರಗತಿ. ಗ್ರಂಥಾಲಯದಲ್ಲಿ ಕುಳಿತಿರಿ ಎಂದಿದ್ದರೆ ನಾನು ಅಲ್ಲಿಗೇ ಮುಗಿಯುತ್ತಿದ್ದೆ.

ಲೈನ್ ಮನೆಯ ಮಗಳು, ಸಿದ್ದಾಪುರ

ಎಲ್ಲರೂ ತೋಟದ ಮಾಲೀಕರ ಕಡೆಯಿಂದ ಬರೆಯುತ್ತಿದ್ದೀರಿ. ನನ್ನ ಅಮ್ಮ ಹಣ್ಣು ಕೊಯ್ಯುವವರು, ಚೀಲ ಹೊತ್ತು ಸಾಲಿನಲ್ಲಿ ನಿಲ್ಲುವವರು. ಅವರಿಗೆ ಖಿನ್ನತೆ ಬಂದಾಗ ‘ಗಾಳಿ ಸೋಕಿದೆ’ ಎಂದು ನೂಲು ಕಟ್ಟಿಸಿದರು, ಕೋಳಿ ಕೊಟ್ಟರು. ತಿಂಗಳುಗಟ್ಟಲೆ ಹೆಸರು ಚೆಕ್‌ರೋಲ್‌ನಲ್ಲಿ ಬರಲಿಲ್ಲ. ದಿನಗೂಲಿಯವರಿಗೆ ಹಾಜರಿ ಇಲ್ಲದಿದ್ದರೆ ಲೈನ್‌ನಲ್ಲೂ (ಕೂಲಿಯವರ ಸಾಲುಮನೆಗಳಲ್ಲೂ) ಬೆಲೆ ಇಲ್ಲ, ‘ಸೋಮಾರಿ’ ಎಂಬ ಹೆಸರು ಬೀಳುತ್ತದೆ. ಅಮ್ಮನೂ ಅದನ್ನೇ ನಂಬಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತವಾಗಿ ಸಿಗುತ್ತದೆ ಎಂದು ಆಶಾ ಕಾರ್ಯಕರ್ತೆ ಹೇಳುವವರೆಗೆ ನಮಗೆ ಗೊತ್ತೇ ಇರಲಿಲ್ಲ. ಬೇರೆಯವರ ಅರ್ಧದಷ್ಟು ಕೊಯ್ದರೂ ಪರವಾಗಿಲ್ಲ, ಹೆಸರು ಬರೆಯಿರಿ ಎಂದು ಅಮ್ಮ ಮೇಸ್ತ್ರಿಯನ್ನು ತಾವೇ ಹೋಗಿ ಕೇಳಿದ ದಿನ ನನಗೆ ಧೈರ್ಯ ಬಂತು.

ತೋಟದಾಕೆ ಅಕ್ಕ, ನೀವು ಅಂಕಿಯನ್ನು ಗಟ್ಟಿಯಾಗಿ ಕೂಗುತ್ತಿದ್ದೆ ಎಂದು ಬರೆದಿದ್ದೀರಿ. ಎಲ್ಲ ಕಡೆ ಕೂಗುವುದಿಲ್ಲ. ಕೂಗದೆ ಬರೆದುಕೊಳ್ಳುವ ಕಡೆ ಕಿಲೋ ಹೋಗುವುದು ನಮ್ಮ ಕಡೆಯಿಂದ. ಕೂಗಿ ಬರೆಯುವವರು ನಮಗೆ ಬೇಕು.

ಆಪ್ತಸಮಾಲೋಚಕಿ, ಕುಶಾಲನಗರ

ಈ ಮಾತನ್ನು ನಾನು ನೂರು ಪುಟ ಬರೆದರೂ ಹೇಳಲಾಗುತ್ತಿರಲಿಲ್ಲ.

ಕೆಲವು ಪ್ರಾಯೋಗಿಕ ವಿಷಯಗಳನ್ನು ಸೇರಿಸುತ್ತೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ, ಮುಂದೆ ಕಾಯಿಲೆ ಮರುಕಳಿಸಿದರೆ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ, ತನ್ನ ಪರವಾಗಿ ಮಾತನಾಡುವವರು ಯಾರು ಎಂದು ಮುಂಚಿತವಾಗಿಯೇ ಬರೆದಿಡುವ ಹಕ್ಕಿದೆ. ನಾಪೋಕ್ಲುವಿನವರು ಮಾಡಿಕೊಂಡ ಹಾಳೆ ಮನೆಯೊಳಗಿನ ಒಪ್ಪಂದ, ಇದು ಕಾನೂನಿನ ದಾಖಲೆ. ಎರಡರಲ್ಲೂ ಮಾತು ರೋಗಿಯದೇ.

ಲಿಥಿಯಂ ತೆಗೆದುಕೊಳ್ಳುವವರು ಕೊಯ್ಲಿನ ಕಾಲದಲ್ಲಿ ಮೈಕೈ ನೋವಿಗೆ ಔಷಧಿ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಬೇಡಿ. ರಕ್ತದಲ್ಲಿ ಲಿಥಿಯಂ ಏರಿ ಅಪಾಯವಾಗುತ್ತದೆ. ವಾಂತಿ, ಭೇದಿ, ಬಿಸಿಲಿನಲ್ಲಿ ನೀರು ಕುಡಿಯದೆ ದುಡಿಯುವುದರಿಂದಲೂ ಹಾಗೆಯೇ. ಕೈ ಜೋರಾಗಿ ನಡುಗುವುದು, ನಡಿಗೆ ತೂರಾಡುವುದು, ಮಾತು ತೊದಲುವುದು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ. ರಕ್ತಪರೀಕ್ಷೆಯನ್ನು ಕೊನೆಯ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ ಮಾಡಿಸಿ, ಇಲ್ಲವಾದರೆ ಅಂಕಿ ತಪ್ಪು ಬರುತ್ತದೆ.

ಇನ್ನೊಂದು ವಿಷಯವನ್ನು ಕೊಡಗಿನಲ್ಲಿ ಹೇಳಲೇಬೇಕು. ಆಯುಧಗಳ ಹಬ್ಬವಾದ ಕೈಲ್ ಪೊಳ್ದ್‌ನಲ್ಲಿ ಕೋವಿಗೆ ಪೂಜೆ ಮಾಡುವ ನಾಡು ನಮ್ಮದು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಕೋವಿ ಪರವಾನಗಿಯ ವಿನಾಯಿತಿ ಇದೆ. ಮನೆಯಲ್ಲಿ ಯಾರಾದರೂ ತೀವ್ರ ಖಿನ್ನತೆಯಲ್ಲಿದ್ದರೆ, ಬದುಕು ಬೇಡ ಎಂಬ ಮಾತು ಬಂದರೆ, ಕೋವಿಯನ್ನೂ ತೋಟದ ಕೀಟನಾಶಕವನ್ನೂ ಸ್ವಲ್ಪ ಕಾಲ ಆ ಮನೆಯಿಂದ ದೂರ ಇಡಿ. ಇದರಲ್ಲಿ ಅವಮಾನವೇನೂ ಇಲ್ಲ. ಅಂಥ ಯೋಚನೆ ಬಹುಪಾಲು ಜನರಲ್ಲಿ ಕೆಲವು ಹೊತ್ತು ತೀವ್ರವಾಗಿದ್ದು ಇಳಿಯುತ್ತದೆ, ಆ ಹೊತ್ತನ್ನು ದಾಟಿಸಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇದೆ, ಕನ್ನಡದಲ್ಲಿ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ.

ತೋಟದಾಕೆ, ಸುಂಟಿಕೊಪ್ಪ

ಎಲ್ಲರಿಗೂ ನಮಸ್ಕಾರ. ಸಿದ್ದಾಪುರದ ತಂಗಿಯ ಮಾತನ್ನು ಮೈದುನನಿಗೆ ಓದಿ ಹೇಳಿದೆ. ಅವನು ಬಹಳ ಹೊತ್ತು ಮಾತನಾಡಲಿಲ್ಲ, ಆಮೇಲೆ ‘ಅತ್ತಿಗೆ, ನನಗೂ ಆ ಪುಸ್ತಕ ಸಾಕಾಗಿದೆ’ ಎಂದ. ಅವನಿಗೂ ಅದು ಹೊರೆಯಾಗಿತ್ತು ಎಂದು ನನಗೆ ತಿಳಿದಿರಲಿಲ್ಲ. ಈ ಅರೇಬಿಕಾ ಕಾಫಿಯ ಕೊಯ್ಲಿಗೆ ತೂಕ, ಚೆಕ್‌ರೋಲ್ ನನ್ನದು. ಬ್ಯಾಂಕ್, ಮುಂಗಡ ಅವನದು. ಆಮೇಲೆ ರೊಬಸ್ಟಾ ಕಾಫಿಯ ಕೊಯ್ಲು ಶುರುವಾಗುವಾಗ ಮತ್ತೆ ಕುಳಿತು ಮಾತನಾಡುವುದು ಎಂದಾಗಿದೆ. ಹಾಳೆಯನ್ನೂ ಬರೆಯುತ್ತಿದ್ದೇವೆ. ಅತ್ತೆ ‘ನಗುವುದು’ ಎಂದು ಸೇರಿಸಲು ಹೇಳಿದರು, ನಾನು ಒಪ್ಪಲಿಲ್ಲ. ಇನ್ನೂ ಚರ್ಚೆಯಲ್ಲಿದೆ.

ಟಿಎಸ್‌ಎಚ್ ಬಹಳ ಕಾಲದಿಂದ ಮಾಡಿಸಿರಲಿಲ್ಲ. ಮುಂದಿನ ವಾರ ಮಡಿಕೇರಿಗೆ ಹೋಗುತ್ತಿದ್ದೇನೆ. ಯಾವುದಕ್ಕೂ ಬಾರದವಳು ಎಂಬ ಎಣಿಕೆ ಹೋಗಿದೆ ಎಂದು ಬರೆಯಲಾರೆ, ಹೋಗಿಲ್ಲ. ಆದರೆ ನಿನ್ನೆ ಹಳೆಯ ಚೆಕ್‌ರೋಲ್ ತೆಗೆದು ನೋಡುವಾಗ ಒಂದು ಕೂಡುವ ತಪ್ಪು ಕಂಡುಹಿಡಿದೆ. ಅಷ್ಟು ಹೊತ್ತು ಆ ಎಣಿಕೆ ನೆನಪಿಗೆ ಬರಲಿಲ್ಲ.

ನಿವೃತ್ತ ಸುಬೇದಾರ, ಪೊನ್ನಂಪೇಟೆ

ಒಳ್ಳೆಯದು ತಂಗಿ. ಆಪ್ತಸಮಾಲೋಚಕರಲ್ಲಿ ಒಂದು ಪ್ರಶ್ನೆ. ನನ್ನ ಅಕ್ಕನ ಮಗ ಆಸ್ಪತ್ರೆಗೆ ಬರಲು ಒಪ್ಪುವುದಿಲ್ಲ. ಆ 14416ಕ್ಕೆ ಅವನ ಬದಲು ನಾನು ಫೋನ್ ಮಾಡಬಹುದೇ?

ಆಪ್ತಸಮಾಲೋಚಕಿ, ಕುಶಾಲನಗರ

ಖಂಡಿತ ಮಾಡಬಹುದು, ಮನೆಯವರೂ ಮಾಡುತ್ತಾರೆ. ಅವನ ವಯಸ್ಸು, ಎಷ್ಟು ಕಾಲದಿಂದ ಮಲಗಿದ್ದಾನೆ, ಊಟ ಮಾಡುತ್ತಾನೆಯೇ, ಸಾಯುವ ಮಾತು ಆಡಿದ್ದಾನೆಯೇ ಎಂದು ಕೇಳುತ್ತಾರೆ, ತಿಳಿದುಕೊಂಡಿರಿ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ನಿಮ್ಮ ಕಡೆ ಯಾವ ವಾರ ಎಂದು ಅಲ್ಲಿ ವಿಚಾರಿಸಿ. ಅವನು ಬರದಿದ್ದರೆ ಮೊದಲ ಸಲ ನೀವೊಬ್ಬರೇ ಹೋಗಿ ಮಾತನಾಡಿ ಬನ್ನಿ. ಮತ್ತೆ ಸುಬೇದಾರರೇ, ಅವನನ್ನು ಓಡಲು ಕರೆಯುವ ಮೊದಲು, ನಿಮ್ಮ ಮನೆಯಲ್ಲಿ ಅವನಿಂದ ಆಗಬೇಕಾದ ಒಂದು ಸಣ್ಣ ಕೆಲಸವನ್ನು ಕೇಳಿ ನೋಡಿ.

ನಿವೃತ್ತ ಸುಬೇದಾರ, ಪೊನ್ನಂಪೇಟೆ

ಮೆಣಸು ಒಣಗಿಸುವ ಟಾರ್ಪಾಲ್ ಹೊಲಿಯುವುದು ಅವನಿಗೆ ಚೆನ್ನಾಗಿ ಬರುತ್ತದೆ. ನಮ್ಮದು ನಾಲ್ಕು ಕಡೆ ಹರಿದಿದೆ. ಕೇಳುತ್ತೇನೆ.